ಇಸ್ತ್ರಿ ಅಂಗಡಿಯ ಮೇಲಿನ ಕಿವಿ

ನವೆಂಬರ್ 3, ಸೋಮವಾರ. ಬೆಳಿಗ್ಗೆ 6.40ರಿಂದ

ಧಾರಾವಾಹಿಯ ಅರವತ್ತೊಂದನೇ ಕಂತು ಅರ್ಧಕ್ಕೆ ನಿಂತಿದೆ. ಹತ್ತು ಗಂಟೆಗೆ ವೆಬ್‌ಸೈಟಿಗೆ ಏರಿಸಬೇಕು. ಮುಂಗಡ ಬರೆದಿಟ್ಟದ್ದು ಒಂದೂ ಇಲ್ಲ. ದಿನಾ ಅಟ್ಟು ದಿನಾ ಬಡಿಸುವ ಖಾನಾವಳಿಯಾಗಿದೆ ಬಾಳು. ವಾರಕ್ಕೆ ಐದು ದಿನ. ಶನಿ ಭಾನು ರಜೆ, ಅಂದರೆ ಸೋಮವಾರದ್ದನ್ನು ನೆನೆದು ನಡುಗುವ ದಿನಗಳು.

ಕೆಳಗೆ ಲಾಂಡ್ರಿಯ ಶಟರ್ ಎದ್ದ ಸದ್ದು. ಬಾಯ್ಲರ್ ಉಸ್ಸೆಂದಿತು. ನನ್ನ ಅಡುಗೆಮನೆ ಸಿಂಕಿನ ಕೊಳವೆ ನೇರ ಅವರ ಅಂಗಡಿಗೆ ಇಳಿಯುತ್ತದೆ. ಹನ್ನೊಂದು ವರ್ಷದಿಂದ ನನಗೆ ಅದೇ ರೇಡಿಯೋ. ಗಂಡ ಗುಕ್ ಜೊಂಗ್-ಬೆ, ಇಸ್ತ್ರಿ. ಹೆಂಡತಿ ಬೊಂಗ್-ನಿಮ್, ಹೊಲಿಗೆ. ಗಂಡ ಕರೆಯುವುದು ಮಗಳ ಹೆಸರು ಹಿಡಿದು, ದಾನ್ಬಿ ಅಮ್ಮ ಎಂದು. ಇಬ್ಬರಿಗೂ ಅರವತ್ತು ದಾಟಿದೆ.

ಇಂದಿನ ಪ್ರಸಾರ:

"ದಾನ್ಬಿ ಅಮ್ಮಾ, ಯಾರದೇ ಈ ಪ್ಯಾಂಟು? ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ."

"ಪ್ಯಾಂಟು ಸರಿಯಾಗಿದೆ. ನೀವು ವಾರೆ ನಿಂತಿದೀರ."

"ಮೂವತ್ತೆಂಟು ವರ್ಷದಿಂದ ಹಿಂಗೇ ವಾಲಿದೀನಿ. ಈ ಕಡೆ ನೀನು ಕೂತಿದೀಯಲ್ಲ, ಅದಕ್ಕೆ."

"ಅಯ್ಯೋ! ಬೆಳಿಗ್ಗೆ ಬೆಳಿಗ್ಗೆ ಏನ್ ತಿಂದ್ರಿ? ಬಾಯಿಂದ ಎಣ್ಣೆ ಸುರೀತಿದೆ."

ಆಮೇಲೆ ಬೊಂಗ್-ನಿಮ್ ನಗು. ಹೊಲಿಗೆ ಯಂತ್ರ ನಿಲ್ಲಿಸಿ ನಗುತ್ತಾರೆ ಯಾವಾಗಲೂ. ಯಂತ್ರದ ಜತೆ ನಗುವವರಲ್ಲ.

ಬರೆದುಕೊಂಡೆ. ಒಂಬತ್ತು ಇಪ್ಪತ್ತಕ್ಕೆ ನನ್ನ ಕಥಾನಾಯಕ ಕಾಂಗ್ ಇ-ಹಾನ್, ಮೂವತ್ತೆರಡು ವರ್ಷ, ಆರಡಿ ಎರಡಂಗುಲ, ಹೋಟೆಲು ಸಾಮ್ರಾಜ್ಯದ ಏಕೈಕ ಕುಡಿ, ತನ್ನ ವಕೀಲೆ ಹೆಂಡತಿ ಸೆ-ಆಗೆ ಅದೇ ಮಾತು ಹೇಳಿದ. ಪ್ಯಾಂಟಿನ ಜಾಗದಲ್ಲಿ ಮೀಟಿಂಗ್ ಕೋಣೆಯ ಪರದೆ. ಎಣ್ಣೆ ಹಾಗೇ ಇದೆ.

ಕಥೆ: 'ಕರಾರಿನ ಗಂಡನಿಗೆ ಹಸಿವಾಗಿದೆ'. ಬರೆಯುವವರು: ಬಿಳಿಮೂಲಂಗಿ, ಅಂದರೆ ನಾನು. ಕೆಳಗಿನವರ ಲೆಕ್ಕದಲ್ಲಿ ನಾನಿನ್ನೂ ರೈಸ್ ಕುಕ್ಕರುಗಳ ಕೈಪಿಡಿ ಬರೆಯುವವಳು. ಆರು ವರ್ಷದ ಹಿಂದಿನವರೆಗೆ ಅದು ನಿಜವೂ ಆಗಿತ್ತು.

ನವೆಂಬರ್ 4

ಎಡಿಟರ್ ಪ್ಯೋ ಫೋನು. ಇಪ್ಪತ್ತೊಂಬತ್ತು ವಯಸ್ಸು, ಹಲ್ಲು ಕೀಳುವ ಡಾಕ್ಟರ ಮೆದು ದನಿ.

"ಮೇಡಂ, ಓದೋರು ಕಮ್ಮಿ ಆಗ್ತಿದಾರೆ. ಎಪ್ಪತ್ತರ ಒಳಗೆ ಇಬ್ಬರನ್ನೂ ಬೇರೆ ಮಾಡ್ಬಿಡಿ."

"ಯಾಕೆ ಬೇರೆ ಆಗ್ತಾರಮ್ಮ? ಒಬ್ರನ್ನ ಕಂಡ್ರೆ ಒಬ್ರಿಗೆ ಇಷ್ಟ."

"ಅದೇ ಮೇಡಂ ಪ್ರಾಬ್ಲಂ."

ಅವಳ ಬಳಿ ಪಟ್ಟಿಯೇ ಇದೆ. ಹಳೇ ಪ್ರೇಯಸಿ ವಿದೇಶದಿಂದ ಇಳಿಯಬಹುದು. ಅತ್ತೆ ಮುಖಕ್ಕೆ ನೀರೆರಚಬಹುದು. ತಲೆಗೆ ಪೆಟ್ಟಾಗಿ ನೆನಪು ಹೋಗಬಹುದು. ಏನೂ ಆಗದಿದ್ದರೆ ಒಂದು ತಪ್ಪು ತಿಳಿವಳಿಕೆ, ಹತ್ತು ಕಂತು.

"ಒಂದು ಫೋನ್ ಮಾಡಿ ಕೇಳಿದ್ರೆ ಮುಗಿಯೋದಕ್ಕೆ ಹತ್ತು ಕಂತಾ?"

"ಫೋನ್ ನೀರಿಗೆ ಬೀಳಿಸಿ ಮೇಡಂ."

ವಿರಹವಿಲ್ಲದೆ ಬರಹವಿಲ್ಲ — ಇದು ಅವಳ ತತ್ವ. ಪ್ರಾಸ ನಾನು ಹಾಕಿಕೊಟ್ಟದ್ದು. ಪ್ರಾಸ ನನ್ನ ಚಟ. ತ್ರಾಸವೂ ನನ್ನದೇ.

ಓದುಗರ ಪಾಕಶಾಸ್ತ್ರದಲ್ಲಿ ಎರಡೇ ಪದಾರ್ಥ. ಗಂಟಲಲ್ಲಿ ಸಿಕ್ಕಿಕೊಳ್ಳುವ ಕಥೆ ಗೆಣಸು, ಅದನ್ನು ಗಟಗಟ ಇಳಿಸುವ ಕಥೆ ಸೋಡಾ. ನಾನು ಕೊಡುತ್ತಿರುವುದು ಬರೀ ಸೋಡಾ. ಈಗ ಹೊಟ್ಟೆಯುಬ್ಬರ ಎಂದು ದೂರು. "ಇಬ್ಬರೂ ಚೆನ್ನಾಗಿದಾರೆ, ಸಂತೋಷ. ಮುಂದೆ?" — ಈ ಕಾಮೆಂಟಿಗೆ ನಾನೂರು ಜನ ಹೃದಯ ಒತ್ತಿದ್ದಾರೆ. ಹೃದಯವಂತರು.

ಒಬ್ಬರನ್ನೊಬ್ಬರು ದ್ವೇಷಿಸುವವರ ಬಗ್ಗೆ ಬರೆಯುವುದು ಎಷ್ಟು ಸಲೀಸು. ಬಾಗಿಲು ಬಡಿದರೆ ಒಂದು ಕಂತು. ಇಷ್ಟಪಡುವವರು ಬಾಗಿಲು ಬಡಿಯುವುದಿಲ್ಲ, ತೆರೆದೇ ಬಿಟ್ಟು ಹೋಗುತ್ತಾರೆ, ಚಳಿ ಒಳಗೆ ಬರುತ್ತದೆ, ಯಾರು ಎದ್ದು ಮುಚ್ಚಬೇಕೆಂದು ಮುಕ್ಕಾಲು ಗಂಟೆ ವಾದ. ಅದನ್ನು ಬರೆಯುವುದಕ್ಕೆ ಕಿವಿ ಬೇಕು.

ನವೆಂಬರ್ 6, ಮಧ್ಯಾಹ್ನ

ಕಪ್ಪು ಕೋಟು ಕೊಡಲು ಕೆಳಗೆ ಹೋದೆ. ಕಾಲರು ಕಿತ್ತಿತ್ತು, ಬಲ ತೋಳಿನ ತುದಿಗೆ ಶಾಯಿ. ಬೊಂಗ್-ನಿಮ್ ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಫೋನು.

"ಮೇಲಿನ ಮನೆ ಮೇಡಂ, ಇದು ಓದಿದೀರಾ? ಕರಾರಿನ ಗಂಡ?"

ಇಲ್ಲ ಎಂದೆ.

"ಯಾರೋ ಬಿಳಿಮೂಲಂಗಿ ಅಂತೆ. ದಿನಾ ಊಟ ಆದ್ಮೇಲೆ ಇವರಿಗೆ ಓದಿ ಹೇಳ್ತೀನಿ. ಅಲ್ಲ ಮೇಡಂ, ಲೋಕದಲ್ಲಿ ಯಾವ ಗಂಡ ಹೆಂಡ್ತಿ ಹಿಂಗೆ ಮಾತಾಡ್ತಾರೆ?"

ಹಬೆಯ ಒಳಗಿಂದ ಜೊಂಗ್-ಬೆ: "ಸಂಸಾರ ಗೊತ್ತಿಲ್ದೋರು ಬರ್ದಿರ್ಬೇಕು ಬಿಡು. 'ನಿನ್ನ ಕಡೆ ವಾಲಿದೀನಿ' ಅಂತಾನಂತೆ! ಗಂಡಸಾದೋನು ಯಾವನೂ ಅನ್ನಲ್ಲ ಅಂಥ ಮಾತು."

ಸೋಮವಾರ ಅಂದಿದ್ದೀರಿ ಸ್ವಾಮಿ. ಬೆಳಿಗ್ಗೆ ಆರು ಐವತ್ತಕ್ಕೆ. ತಾರೀಕು ಸಮೇತ ನನ್ನ ಬಳಿ ಇದೆ.

ಬಾಯಿ ಬಿಡುವಂತಿಲ್ಲ. "ನಿಜ, ನಿಜ" ಎನ್ನುತ್ತ ನಿಂತೆ. ಜೊಂಗ್-ಬೆಗೆ ಕೆಮ್ಮು ಬಂತು, ಹಬೆಗೆ ಬೆನ್ನು ತಿರುಗಿಸಿದರು.

ನವೆಂಬರ್ 9, ಭಾನುವಾರ

"ಸಂಸಾರ ಗೊತ್ತಿಲ್ಲದವರು." ಮೂರು ದಿನದಿಂದ ಹಲ್ಲಿನ ಸಂದಿಯ ಎಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ಗೊತ್ತಿತ್ತು. ಏಳು ವರ್ಷ. ಒಂದು ದಿನವೂ ಜಗಳವಾಗಲಿಲ್ಲ. ಇಬ್ಬರೂ ಸಭ್ಯರು. ಅನ್ನ ಬಡಿಸಿದರೆ ಥ್ಯಾಂಕ್ಸ್, ಬಾಗಿಲು ತೆರೆದರೆ ಥ್ಯಾಂಕ್ಸ್, ಡಿವೋರ್ಸ್ ಕಾಗದಕ್ಕೆ ಮೊಹರು ಒತ್ತಿದಾಗಲೂ ಥ್ಯಾಂಕ್ಸ್. ಹೊರಡುವಾಗ ಅವನಿಗೆ ಹೇಳಬೇಕೆಂದು ಒಂದು ಸಾಲು ಸಿದ್ಧಮಾಡಿಕೊಂಡಿದ್ದೆ. ಹೇಳಲಿಲ್ಲ. ಸಭ್ಯತೆ.

ಈ ಮನೆಗೆ ಬಂದ ಮೊದಲ ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದೆ. ಕೊಳವೆಯಲ್ಲಿ ಒಬ್ಬ ಗಂಡಸು ಹೇಳಿದ, "ಲೇ, ನಿನ್ನೆ ನೀನು ಮುಗಿಸದೆ ಬಿಟ್ಟ ಜಗಳ ಎಲ್ಲಿಟ್ಟಿದೀಯ? ಟೀ ಜೊತೆ ತಗೊಂಡ್ ಬಾ." ಹೆಂಗಸು ನಕ್ಕಳು. ನಲ್ಲಿ ನಿಲ್ಲಿಸಿ ಕೇಳಿದೆ. ಅಂದಿನಿಂದ ನಲ್ಲಿ ನಿಂತೇ ಇದೆ.

ನವೆಂಬರ್ 13

ಸೋತೆ.

ಕಥೆಯ ಚಿತ್ರವನ್ನು ಸೈಟಿನ ಮುಂಬಾಗಿಲಿನಿಂದ ಕಿತ್ತು ಹಿತ್ತಲಿಗೆ ಹಾಕಿದ್ದಾರೆ. ಎರಡು ಸಲ ಬೆರಳು ಎಳೆದರೆ ಕಾಣುತ್ತೇನೆ, ಯಾವುದೋ ವೈದ್ಯನ ಪ್ರೇತದ ಕಥೆಯ ಕೆಳಗೆ. ಪ್ಯೋ ಹೇಳಿದಳು: "ನಾಳೆ ಬೇರೆ ಮಾಡಿದ್ರೆ ನೂರೈವತ್ತರ ತನಕ ಎಳೀಬಹುದು ಮೇಡಂ. ಇಲ್ಲಾಂದ್ರೆ ಎಂಬತ್ತಕ್ಕೆ ಮಂಗಳ ಹಾಡಿ."

"ಯಾವ ಕಾರಣಕ್ಕೆ ಮನೆ ಬಿಡ್ತಾಳೆ?"

"ಮೊದಲು ಬಿಡಲಿ. ಕಾರಣ ಆಮೇಲೆ ಹುಡುಕೋಣ."

ಎಪ್ಪತ್ತನೇ ಕಂತು ಬರೆದೆ. ಇ-ಹಾನ್ ಬುಸಾನಿಗೆ ಹೋದ ದಿನ ಸೆ-ಆ ಅಕ್ಕಿ ಡಬ್ಬಿಯಲ್ಲಿ ಬೀಗದ ಕೈ ಇಟ್ಟು ಹೊರಟಳು. ಕೊಳವೆಯಲ್ಲಿ ಇದಕ್ಕೆ ಮಾತು ಸಿಗಲಿಲ್ಲ, ಹನ್ನೊಂದು ವರ್ಷ ತಡಕಿದರೂ ಸಿಗುವಂಥದ್ದಲ್ಲ. ಅವಳು ಬಿಟ್ಟುಹೋದ ಚೀಟಿಯಲ್ಲಿ ನಾನೇ ಒಂದು ಸಾಲು ಹಾಕಿದೆ:

'ಇಷ್ಟು ದಿನ ನಗುತ್ತಿದ್ದೆ. ನಿನಗೆ ಕೇಳಿಸಿದ್ದು ಅದೊಂದೇ.'

ಕಂತು ಚೆನ್ನಾಗಿ ಬಂದಿದೆ. ಕೋಪ ಬರುವಷ್ಟು ಚೆನ್ನಾಗಿ.

ನವೆಂಬರ್ 14, ಶುಕ್ರವಾರ

ಮಧ್ಯಾಹ್ನದೊಳಗೆ ಸಾವಿರದ ನೂರು ಕಾಮೆಂಟು. ಗೆಣಸು! ಗೆಣಸು! ನೀರು ಕೊಡಿ ಸಾಯ್ತೀವಿ! ಪ್ಯೋ ನಗುಮುಖದ ಗೊಂಬೆ ಏಳು ಕಳಿಸಿದಳು.

ಒಂದೂವರೆಗೆ ಕೊಳವೆ. ಬೊಂಗ್-ನಿಮ್ ಜೋರಾಗಿ ಓದುತ್ತಿದ್ದರು. ಚೀಟಿಯ ಸಾಲು ಬಂತು. ಓದು ನಿಂತಿತು. ಇಸ್ತ್ರಿಯೂ ನಿಂತಿತು.

"ನೋಡಿ. ನಗ್ತಿದ್ದಳಂತೆ."

"ಬಾಯಿರ್ಲಿಲ್ವಾ ಅವಳಿಗೆ? ಹೇಳ್ಬೇಕಿತ್ತು."

"ಕೇಳೋರ ಹತ್ರ ಹೇಳ್ಬೇಕು."

"ಅವನೇನ್ ಮಾಡ್ದ ಪಾಪ?"

"ಏನೂ ಮಾಡ್ಲಿಲ್ಲ. ಅದನ್ನೇ ಹೇಳ್ತಿರೋದು."

ಜೊಂಗ್-ಬೆ, ತುಂಬ ಮೆಲ್ಲಗೆ: "ದಾನ್ಬಿ ಅಮ್ಮ, ನಾವು ಯಾರ ವಿಷಯ ಮಾತಾಡ್ತಿದೀವಿ?"

ಯಂತ್ರ ಓಡತೊಡಗಿತು.

ನವೆಂಬರ್ 15

ಕೊಳವೆಯಲ್ಲಿ ಬರೀ ಹಬೆ.

ನವೆಂಬರ್ 17, ಸೋಮವಾರ

ಗಂಡ ಹೆಂಡಿರ ಜಗಳ ಚಾಕುವಿನಲ್ಲಿ ನೀರು ಕೊಯ್ದಂತೆ ಎನ್ನುತ್ತಾರೆ ನಮ್ಮಲ್ಲಿ. ಮೂರು ದಿನವಾಯಿತು. ನೀರು ಎರಡು ಹೋಳಾಗಿಯೇ ಇದೆ.

ಜೊಂಗ್-ಬೆ ಮಧ್ಯಾಹ್ನ ಎದುರು ಅಂಗಡಿಯಲ್ಲಿ ನಿಂತು ನೂಡಲ್ಸ್ ತಿಂದರು. ಒಂಟಿಯಾಗಿ. ಆ ಮನುಷ್ಯ ಒಂಟಿಯಾಗಿ ತಿಂದದ್ದನ್ನು ಕಂಡವರಿಲ್ಲ. ಶನಿವಾರ ಚಳಿಗಾಲಕ್ಕೆಂದು ಕಿಮ್ಚಿ, ನಮ್ಮ ಎಲೆಕೋಸಿನ ಉಪ್ಪಿನಕಾಯಿ, ಹಾಕುವ ದಿನ. ಅರವತ್ತು ಎಲೆಕೋಸು ಬಂದು ಅಂಗಳದಲ್ಲಿ ರಾಶಿ ಬಿದ್ದಿವೆ. ಪ್ರತಿ ವರ್ಷ ಇಬ್ಬರೂ ಸೇರಿ ಸೀಳುತ್ತಾರೆ, ಚಾಕು ಯಾರದು ಚೂಪು ಎಂಬ ವಾದದೊಂದಿಗೆ. ಈ ಸಲ ರಾಶಿಗೆ ಟಾರ್ಪಾಲು.

ನನ್ನ ಅವಸ್ಥೆ ನೋಡು. ಇ-ಹಾನ್ ಸೆ-ಆ ಮತ್ತೆ ಒಂದಾಗುವುದನ್ನು ಬರೆಯಬೇಕಾದರೆ ಕೆಳಗಿನವರು ಹೇಗೆ ಒಂದಾಗುತ್ತಾರೆಂದು ಕೇಳಿಸಿಕೊಳ್ಳಬೇಕು. ಕೆಳಗಿನವರೋ ಕಥೆಯಲ್ಲಿ ಆ ಇಬ್ಬರು ಒಂದಾಗದೆ ತಾವು ಒಂದಾಗುವ ಹಾಗೆ ಕಾಣುವುದಿಲ್ಲ. ಅವರಿಗೆ ನಾನು ಕಾಯುತ್ತ, ನನಗೆ ಅವರು ಕಾಯುತ್ತ. ಎಲೆಕೋಸು ಯಾರಿಗೂ ಕಾಯುವುದಿಲ್ಲ.

ನವೆಂಬರ್ 18

ಕಿತ್ತಳೆ ಒಂದು ಚೀಲ ಹಿಡಿದು ಇಳಿದೆ. ಅವರಿಬ್ಬರ ನಡುವೆ ಎರಡು ಮಾರು ದೂರ. ಮಧ್ಯೆ ನಾನು, ಅಂಚೆಯವಳು.

"ಮೇಡಂ, ದೊಡ್ಡ ಕತ್ತರಿ ಎಲ್ಲಿಟ್ಟಿದಾರೆ ಕೇಳಿ ಅವರನ್ನ."

"ಮೇಡಂ, ಅವಳ ಕೊರಳಲ್ಲೇ ನೇತಾಡ್ತಿದೆ ಅಂತ ಹೇಳಿ."

ಹೋದ ವಾರವಾಗಿದ್ದರೆ ಇದಕ್ಕೆ ಯಂತ್ರ ನಿಲ್ಲುತ್ತಿತ್ತು. ಬೊಂಗ್-ನಿಮ್ ಕತ್ತರಿಯನ್ನು ಕೊರಳಿಂದ ತೆಗೆದುಕೊಂಡು ಹೊಲಿಯುತ್ತಲೇ ಹೋದರು. ನಾನೊಬ್ಬಳೇ ನಕ್ಕೆ, ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದ ಕೋಳಿಯ ಹಾಗೆ.

ಹೊರಡುವಾಗ ಜೊಂಗ್-ಬೆ ತಲೆ ಎತ್ತದೆ ಕೇಳಿದರು: "ಮೇಡಂ, ನಮ್ಮ ಸದ್ದು ಮೇಲೆ ಕೇಳುತ್ತಾ? ತೊಂದ್ರೆ ಏನಾದ್ರೂ..."

"ಛೆ ಛೆ! ಏನೇನೂ ಕೇಳಿಸಲ್ಲ."

ನಾಲ್ಕು ದಿನದಲ್ಲಿ ಮೊದಲ ಸಲ ಅವರು ಹೆಂಡತಿಯ ಮುಖ ನೋಡಿದರು. ಬೊಂಗ್-ನಿಮ್ ಸೂಜಿ ನೋಡಿದರು. ನಾನೇನು ತಪ್ಪು ಹೇಳಿದೆ?

ನವೆಂಬರ್ 19

ಎಪ್ಪತ್ತಮೂರು. ಸೆ-ಆ ಜೆಜು ದ್ವೀಪದಲ್ಲಿ ಸಮುದ್ರ ನೋಡುತ್ತಿದ್ದಾಳೆ. ನಿನ್ನೆಯೂ ನೋಡಿದಳು. ಸಮುದ್ರಕ್ಕೇ ಬೇಜಾರಾಗಿರಬೇಕು. ಪ್ಯೋ ಸಂಭ್ರಮದಲ್ಲಿದ್ದಾಳೆ, ಚಿತ್ರ ಮುಂಬಾಗಿಲಿಗೆ ವಾಪಸು.

ಮೂರು ವಾಕ್ಯ ಬರೆದು ನಾಲ್ಕು ಅಳಿಸಿದೆ.

ನವೆಂಬರ್ 20, ಗುರುವಾರ. ಬೆಳಿಗ್ಗೆ 11

ಕೋಟು ಬಂದಿದೆ. ಬಾಗಿಲ ಹಿಡಿಗೆ ನೇತುಹಾಕಿ ಹೋಗಿದ್ದಾರೆ, ಗಂಟೆ ಒತ್ತಿಲ್ಲ.

ಒಳಬಟ್ಟೆಗೆ ಲಾಂಡ್ರಿ ಚೀಟಿ, ಪಿನ್ ಹೊಡೆದದ್ದು. ವಸ್ತು: ಕಪ್ಪು ಕೋಟು. ಕೆಲಸ: ಕಾಲರು. ಕಲೆ: ಶಾಯಿ, ಬಲಗೈ, ಹೋಗಿಲ್ಲ. ಅದರ ಕೆಳಗೆ, ಷರಾ ಬರೆಯುವ ಜಾಗದಲ್ಲಿ, ಜೊಂಗ್-ಬೆಯ ವಾಲಿದ ಅಕ್ಷರ:

'ಬಿಳಿಮೂಲಂಗಿ ಅವರಿಗೆ. ಹನ್ನೆರಡನೇ ಕಂತಿನಿಂದ ಗೊತ್ತು. ಮಂಡಿ ಮುಲಾಮಿನ ಆ ಮಾತು ಲೋಕದಲ್ಲಿ ನಾವಿಬ್ಬರೇ ಆಡಿದ್ದು. ಬೇಜಾರಿಲ್ಲ, ಖುಷಿಯೇ. ಒಂದೇ ಪ್ರಶ್ನೆ. ಇಷ್ಟು ವರ್ಷ ಕೇಳಿದ್ದೀರಿ. ನನ್ನಲ್ಲಿ ಏನು ಕೇಳಿಸಿತೆಂದು ಅವಳನ್ನು ಮನೆ ಬಿಡಿಸಿದಿರಿ? ದಾನ್ಬಿ ಅಮ್ಮನಿಗೆ ಹೇಳಬೇಡಿ.'

ಮೆಟ್ಟಿಲ ಮೇಲೇ ಕುಳಿತೆ. ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ನನ್ನ ಮುಖದೆದುರು "ಯಾವ ಗಂಡ ಹೆಂಡ್ತಿ ಹಿಂಗೆ ಮಾತಾಡ್ತಾರೆ" ಎಂದು ಆಟವಾಡಿಸಿದ್ದಾರೆ. ಆ ಕೆಮ್ಮು!

ಕೋಟು ಹಾಕಿಕೊಂಡು ಜೇಬಿಗೆ ಕೈ ಬಿಟ್ಟೆ. ಇನ್ನೊಂದು ಚೀಟಿ. ಸೂಜಿಯಲ್ಲಿ ಚುಚ್ಚಿಟ್ಟದ್ದು, ಸಣ್ಣ ಗುಂಡು ಅಕ್ಷರ.

'ಇವರಿಗೆ ಹೇಳಬೇಡಿ ಮೇಡಂ. ನನ್ನ ನಗು ನಿಮಗೆ ಸುಳ್ಳು ಅನ್ನಿಸಿತಾ?'

ಅದೇ ದಿನ, ಸಂಜೆ 4

ಬರೆದುಬಿಡುತ್ತೇನೆ, ಮಾತು ಕಿವಿಯಲ್ಲಿರುವಾಗಲೇ.

ಇಳಿದು ಹೋದೆ. ಎರಡು ಚೀಟಿಯನ್ನೂ ಇಸ್ತ್ರಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಹೇಳಬೇಡಿ ಎಂದಿದ್ದರು ಇಬ್ಬರೂ. ಇನ್ನು ಸಭ್ಯತೆ ಸಾಕು. ಅವರ ಚೀಟಿ ಇವರು, ಇವರ ಚೀಟಿ ಅವರು ಓದಿದರು.

"ಏನೂ ಕೇಳಿಸಲಿಲ್ಲ," ಎಂದೆ. "ಎಡಿಟರ್ ಬೇರೆ ಮಾಡು ಅಂದ್ಲು. ಓದೋರು ಕಮ್ಮಿ ಆಗಿದ್ರು. ಅಷ್ಟೆ."

"ಅಷ್ಟೇನಾ?" ಬೊಂಗ್-ನಿಮ್. "ಆರು ದಿನ ಈ ಮನುಷ್ಯನ ಜೊತೆ ಮಾತು ಬಿಟ್ಟು ಕೂತಿದೀನಿ ನಾನು. ಮೇಲಿಂದ ಎಲ್ಲ ಕೇಳಿಸ್ಕೊಳ್ಳೋ ಹೆಂಗಸಿಗೆ ನಂಗೇ ಗೊತ್ತಿಲ್ದೆ ಇರೋದು ಏನೋ ಗೊತ್ತಾಗಿದೆ ಅಂತ! ಅಷ್ಟೇನಾ?"

"ಹೊರಡೋದು ಎಡಿಟರ್‌ದು, ಒಪ್ದೆ," ಎಂದರು ಜೊಂಗ್-ಬೆ. "ಆ ಸಾಲು ಯಾರದು? ನಗ್ತಿದ್ದೆ, ಕೇಳ್ಸಿದ್ದು ಅದೊಂದೇ ಅನ್ನೋದು? ಅದು ಯಾರೋ ಹೇಳಿಕೊಟ್ಟು ಬರೆಯೋ ಸಾಲಲ್ಲ ಮೇಡಂ."

ಇಸ್ತ್ರಿ ಮಾಡುವವರ ಕಣ್ಣು. ಸುಕ್ಕು ಎಲ್ಲಿದೆಯೆಂದು ದೂರದಿಂದಲೇ ಕಾಣುತ್ತದೆ.

"ನಂದು," ಎಂದೆ. "ನಿಮ್ಮದಲ್ಲ. ನನ್ನ ಸಂಸಾರದ್ದು. ಅವನಿಗೆ ಹೇಳ್ಬೇಕಿತ್ತು, ಹೇಳಿರ್ಲಿಲ್ಲ. ಇಡೀ ಕಥೇಲಿ ನಾನು ಸ್ವಂತ ಬರೆದದ್ದು ಅದೊಂದೇ ಸಾಲು."

ಬೆನ್ನಿಗೆ ಧೊಪ್ಪನೆ ಒಂದು ಏಟು ಬಿತ್ತು. ಬೊಂಗ್-ನಿಮ್ ಕೈ. ಹೊಲಿಗೆಯವರ ಕೈ ಎಷ್ಟು ಗಟ್ಟಿ.

"ಅಯ್ಯೋ ಹುಚ್ಚೀ! ಹನ್ನೊಂದು ವರ್ಷ ಮೇಲೆ ಒಬ್ಬಳೇ ಕೂತು ಇದನ್ನ ನುಂಗ್ಕೊಂಡಿದ್ಯಾ? ಕೊನೆಗೆ ತಂದು ನಮ್ಮ ತಲೆಗೆ ಕಟ್ಟಿದ್ಯಾ?"

ಹನ್ನೊಂದು ವರ್ಷದ 'ಮೇಡಂ' ಒಂದೇ ಏಟಿಗೆ ಉದುರಿತು. ಅಷ್ಟರಲ್ಲಿ ಅವರ ಕಣ್ಣು ನನ್ನ ಕೋಟಿನ ಒಳಬಟ್ಟೆಗೆ ಬಿತ್ತು.

"ರೀ! ಇದಕ್ಕೆ ಪಿನ್ ಹೊಡೆದೋರು ಯಾರು? ರೇಷ್ಮೆ ಕಣ್ರೀ ಇದು! ತೂತಾಗಿದೆ ನೋಡಿ!"

"ಪಿನ್ನಿನ ತೂತು ಮುಚ್ಚುತ್ತೆ. ನೀನು ಜೇಬಲ್ಲಿ ಸೂಜಿ ಇಟ್ಟಿದೀಯಲ್ಲ, ಅವಳ ಬೆರಳು ತೂತಾಗಿದ್ರೆ?"

"ಸೂಜಿ ಮೊನೆ ಬಟ್ಟೆಯೊಳಗಿತ್ತು. ನಲವತ್ತು ವರ್ಷದಿಂದ ಸೂಜಿ ಹಿಡ್ದಿದೀನಿ ನಾನು."

"ಮೂವತ್ತೆಂಟು."

"ಮದ್ವೆಗೆ ಮುಂಚೆ ಎರಡು ವರ್ಷ ನಿಮ್ಮ ಷರ್ಟಿನ ಗುಂಡಿ ಹಾಕಿದ್ದು ಯಾರು? ನಿಮ್ಮಮ್ಮನಾ?"

ಯಂತ್ರ ನಿಂತೇ ಇತ್ತು. ನಗು ಬಂತು, ಮೊದಲು ಅವರದು, ಆಮೇಲೆ ಹಬೆಯೊಳಗಿಂದ ಇವರದು. ನನ್ನನ್ನು ಮರೆತೇ ಬಿಟ್ಟರು. ಮೆಲ್ಲಗೆ ಹೊರಬಂದೆ.

ನವೆಂಬರ್ 21

ಎಪ್ಪತ್ತೈದು ಏರಿಸಿದೆ. ಇ-ಹಾನ್ ಫೋನ್ ಮಾಡಿದ. ಸೆ-ಆ ಎತ್ತಿದಳು. ಅವನು ಕೇಳಿದ: "ಅಕ್ಕಿ ಡಬ್ಬೀಲಿ ಬೀಗದ ಕೈ ಯಾಕೆ ಇಟ್ಟೆ? ಅನ್ನದ ಜೊತೆ ಬೆಂದು ಹೋಯ್ತು." ಅವಳು ಅತ್ತಳು, ಆಮೇಲೆ ಬೈದಳು, ಆಮೇಲೆ ವಿಮಾನ ಹತ್ತಿದಳು.

ಪ್ಯೋ: "ಐದೇ ಕಂತಿಗೆ ಮೇಡಂ?! ಬರೀ ಒಂದು ಫೋನಾ?!"

"ಫೋನು ನೀರಿಗೆ ಬಿದ್ದಿರಲಿಲ್ಲ ಕಣಮ್ಮ."

"ಹಾಗಾದ್ರೆ ಎಂಬತ್ತಕ್ಕೇ ಮುಗಿಯುತ್ತೆ. ನನ್ನ ಕೈಲಿ ಏನೂ ಇಲ್ಲ."

ಮುಗಿಯಲಿ. ಮೊದಲ ಕಾಮೆಂಟು: 'ಸೋಡಾ. ಅತ್ತುಬಿಟ್ಟೆ.' ಎರಡನೆಯದು: 'ಕೀಲಿ ಬೆಂದಿದ್ದು ಸುಳ್ಳು, ಕುಕ್ಕರಿಗೆ ಹಾಕುವಾಗ ಅಕ್ಕಿ ತೊಳೆಯಲ್ವಾ?' ಕೈಪಿಡಿ ಬರೆದವಳಿಗೆ ಇದು ಬೇಕಿತ್ತು.

ನವೆಂಬರ್ 22, ಶನಿವಾರ

ಕಿಮ್ಚಿ. ನಮ್ಮ ಬಂದರು ಊರಿನ ಗಾಳಿಗೆ ಮೂಗು ಕಿತ್ತು ಹೋಗುವಂತಿತ್ತು. ಅರವತ್ತು ಎಲೆಕೋಸು ಇಡೀ ದಿನ. ನಿನ್ನೆ ಉಪ್ಪು ಹಾಕಿದವರು ಯಾರು, ಹೆಚ್ಚು ಹಾಕಿದವರು ಯಾರು — ಈ ಮೊಕದ್ದಮೆ ಸಂಜೆವರೆಗೂ. ಮೊದಲ ಎಲೆ ಸುತ್ತಿ ಬೊಂಗ್-ನಿಮ್ ಗಂಡನ ಬಾಯಿಗೆ ತುರುಕಿದರು.

"ಉಪ್ಪು."

"ಹೋದ ವರ್ಷನೂ ಉಪ್ಪು ಅಂದ್ರಿ. ಒಂದು ಜಾಡಿ ಒಬ್ಬರೇ ತಿಂದ್ರಿ."

ಎರಡನೆಯ ಎಲೆ ನನ್ನ ಬಾಯಿಗೆ. ಕೇಳದೆ, ಥ್ಯಾಂಕ್ಸಿಗೆ ಜಾಗ ಬಿಡದೆ. ನಿಜಕ್ಕೂ ಉಪ್ಪು. ಹಾಗೆಂದೆ. ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬಿದ್ದರು.

ನವೆಂಬರ್ 24, ಸೋಮವಾರ. ಬೆಳಿಗ್ಗೆ 7.10

ಎಪ್ಪತ್ತಾರಕ್ಕೆ ಒಂದಕ್ಷರವಿಲ್ಲ. ಏರಿಸಲು ಮೂರು ಗಂಟೆಯೂ ಉಳಿದಿಲ್ಲ.

ಹೊಸ ಪೀಡೆ. ಈಗ ಕೊಳವೆಗೆ ಬಾಯಿಟ್ಟೇ ಮಾತಾಡುತ್ತಾರೆ.

"ದಾನ್ಬಿ ಅಮ್ಮಾ! ನಿನ್ನ ಕಣ್ಣು ಶರದೃತುವಿನ ಸರೋವರ! ಏ ಮೂಲಂಗೀ, ಬರ್ಕೊಂಡ್ಯಾ?"

"ಸರೋವರ ಕಂಡಿದೀರಾ ಜನ್ಮದಲ್ಲಿ? ಮೂಲಂಗೀ, ಇದನ್ನ ಹಾಕ್ಬೇಡ, ನಮ್ಮ ಮರ್ಯಾದೆ ಹೋಗುತ್ತೆ!"

ಹತ್ತು ನಿಮಿಷ ಸರೋವರ, ಚಂದ್ರ, ಹಂಸ. ಒಂದೂ ಕೆಲಸಕ್ಕೆ ಬಾರದು. ಹನ್ನೊಂದು ವರ್ಷದ ಗಣಿ ನಾಟಕದ ಕಂಪನಿಯಾಯಿತು. ನೆಲಕ್ಕೆ ಕಾಲಿಂದ ಗುದ್ದಿದೆ. ಕೆಳಗೆ ಕೇಕೆ.

ಆಮೇಲೆ ಶಟರ್ ಎದ್ದಿತು, ಬಾಯ್ಲರ್ ಬಿಸಿಯಾಯಿತು, ಕೆಲಸ ಶುರು. ನನ್ನನ್ನು ಮರೆತರೆಂದು ಕಾಣುತ್ತದೆ. ಜೊಂಗ್-ಬೆ ಏನೋ ಅಂದರು, ತೀರಾ ಮೆಲ್ಲಗೆ. ಯಂತ್ರ ನಿಂತಿತು. ಬೊಂಗ್-ನಿಮ್ ನಗಲಿಲ್ಲ. "ನಂಗೂ ಅಷ್ಟೆ," ಎಂದರು. "ಆ ಆರು ದಿನ ನಂಗೂ..."

ಪೆನ್ನು ಕೈಯಲ್ಲೇ ಇತ್ತು. ಇಡೀ ಎಪ್ಪತ್ತಾರು ಅದರೊಳಗಿದೆ, ಗೊತ್ತು.

ಎದ್ದು ಹೋಗಿ ನಲ್ಲಿ ಬಿಟ್ಟೆ. ಪೂರ್ತಿ. ಸಿಂಕಿನಲ್ಲಿ ಒಂದೂ ಪಾತ್ರೆಯಿಲ್ಲ, ನೀರು ಸುಮ್ಮನೆ ಹರಿಯುತ್ತಿದೆ. ಈಗ ಏನೂ ಕೇಳಿಸುವುದಿಲ್ಲ. ಸೆ-ಆ ವಿಮಾನ ಇಳಿದು ಮನೆ ಬಾಗಿಲಿಗೆ ಬಂದಿದ್ದಾಳೆ. ಬಾಗಿಲು ತೆರೆದೇ ಇದೆ, ಚಳಿ ಒಳಗೆ ನುಗ್ಗುತ್ತಿದೆ. ಏನನ್ನುತ್ತಾಳೆ? ನಾನೇ ಯೋಚಿಸಬೇಕು. ಅವಳ ಜಾಗದಲ್ಲಿ ನಾನಿದ್ದರೆ, ಒಳಗೆ ನನ್ನನ್ನು ಇಷ್ಟಪಡುವವನೊಬ್ಬ ನಿಜಕ್ಕೂ ಇದ್ದಿದ್ದರೆ, ಮೊದಲ ಮಾತು...